ಗಣಿತ ಬೋಧನೆ ಮತ್ತು ವಿಚಾರಶಕ್ತಿ

ವಿದ್ಯಾಸಂಸ್ಥೆಗಳ ವಾರ್ಷಿಕ ಸಂಚಿಕೆಗಳಲ್ಲಿ ಪ್ರತಿವರ್ಷವೂ ತಪ್ಪದೆ ಪ್ರಕಟವಾಗುವ ಒಂದು ಪುಟವುಂಟು. ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರೆಷ್ಟು, ತೇರ್ಗಡೆಯಾದವರೆಷ್ಟು, ಗಣಿತದಲ್ಲಿ ನೂರಕ್ಕೆ ನೂರು ಪಡೆದವರೆಷ್ಟು ಎಂಬ ವಿವರ ಅದರಲ್ಲಿರುತ್ತದೆ. ಶಿಕ್ಷಕರ ದುಡಿಮೆಗೆ, ದಾನಿಗಳ ಔದಾರ್ಯಕ್ಕೆ, ಮಕ್ಕಳ ಪರಿಶ್ರಮಕ್ಕೆ ಆ ಪುಟವು ಸಾಕ್ಷಿಯೆಂಬುದರಲ್ಲಿ ಸಂದೇಹವಿಲ್ಲ. ಅದನ್ನು ಕಂಡು ಹಳೆಯ ವಿದ್ಯಾರ್ಥಿಗಳು ಹೆಮ್ಮೆಪಡುವುದೂ ಸಹಜವೇ. ಆದರೆ ಆ ಪುಟದಲ್ಲಿ ಎಂದಿಗೂ ಕಾಣದ ಇನ್ನೊಂದು ಲೆಕ್ಕವಿದೆ. ನೂರಕ್ಕೆ ನೂರು ಪಡೆದ ಆ ಮಕ್ಕಳಲ್ಲಿ, ಬಿಡಿಸಿದ ಲೆಕ್ಕವು ಹಾಗೆಯೇ ಏಕೆ ಬಂದಿತೆಂದು ಹೇಳಬಲ್ಲವರು ಎಷ್ಟು ಮಂದಿ? ಪಠ್ಯಪುಸ್ತಕದಲ್ಲಿಲ್ಲದ ಪ್ರಶ್ನೆಯೊಂದು ಎದುರಾದಾಗ ಅಂಜದೆ ಅದರ ಮುಂದೆ ಹತ್ತು ನಿಮಿಷ ಕುಳಿತು ಯೋಚಿಸಬಲ್ಲವರು ಎಷ್ಟು ಮಂದಿ? ಶಾಲೆಯಲ್ಲಿ ಗಣಿತವನ್ನು ಕಲಿಸುವುದು ಯಾವ ಉದ್ದೇಶಕ್ಕಾಗಿ ಎಂಬ ಮೂಲಪ್ರಶ್ನೆಯು ಈ ಎರಡನೆಯ ಲೆಕ್ಕದಲ್ಲಿಯೇ ಅಡಗಿದೆ.

ಭಟ್ಕಳ, ಹೊನ್ನಾವರ, ಕುಮಟಾಗಳ ಸಂತೆಗಳಲ್ಲಿ ರಜೆಯ ದಿನ ತಂದೆತಾಯಿಯರ ಪಕ್ಕದಲ್ಲಿ ಕುಳಿತು ವ್ಯಾಪಾರಕ್ಕೆ ನೆರವಾಗುವ ಮಕ್ಕಳು ಕಣ್ಣಿಗೆ ಬೀಳದೆ ಇರಲಾರರು. ತೆಂಗಿನಕಾಯಿಯ ರಾಶಿಯ ಮುಂದೆ ಕುಳಿತ ಅಂಥ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಬಹುದು. ಕಾಯಿಯೊಂದಕ್ಕೆ 35 ರೂಪಾಯಿ. ಗಿರಾಕಿಗೆ 12 ಕಾಯಿ ಬೇಕು. ಹುಡುಗನು ಕಾಗದವನ್ನು ಹುಡುಕುವುದಿಲ್ಲ. ಹತ್ತಕ್ಕೆ 350, ಎರಡಕ್ಕೆ 70, ಒಟ್ಟು 420 ಎಂದು ಬಾಯಲ್ಲಿಯೇ ಹೇಳುತ್ತಾನೆ. ಗಿರಾಕಿ 500ರ ನೋಟು ಕೊಟ್ಟರೆ, 420ಕ್ಕೆ 80 ಸೇರಿದರೆ 500 ಎಂದು ಎಣಿಸಿ 80 ರೂಪಾಯಿ ಹಿಂದಿರುಗಿಸುತ್ತಾನೆ. ಅದೇ ಹುಡುಗನಿಗೆ ಮರುದಿನ ಶಾಲೆಯಲ್ಲಿ 35ನ್ನು 12ರಿಂದ ಗುಣಿಸೆಂದರೆ, ಒಂದರ ಕೆಳಗೊಂದು ಬರೆದು, ಮೊದಲ ಸಾಲಿನಲ್ಲಿ 70 ಎಂದಿಟ್ಟು, ಎರಡನೆಯ ಸಾಲಿನಲ್ಲಿ ಒಂದು ಸ್ಥಾನ ಬಿಡುವುದನ್ನು ಮರೆತು 35 ಎಂದಿಟ್ಟು, ಎರಡನ್ನೂ ಕೂಡಿಸಿ 105 ಎಂದು ಉತ್ತರ ಬರೆಯುವುದುಂಟು. ಈ ತಪ್ಪು ಗಣಿತದ ಶಿಕ್ಷಕರೆಲ್ಲರಿಗೂ ಚಿರಪರಿಚಿತ. ಕೆಂಪು ಶಾಯಿಯ ಒಂದು ಗೆರೆಯಿಂದ ಅದು ತಿದ್ದಲ್ಪಡುತ್ತದೆ. ಮುಂದಿನ ಲೆಕ್ಕಕ್ಕೆ ಪಾಠ ಸಾಗುತ್ತದೆ.

ಆದರೆ ಆ 105ನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಬೇಕು. 35 ರೂಪಾಯಿಯ ದರದಲ್ಲಿ 105 ರೂಪಾಯಿ ಎಂದರೆ ಮೂರು ಕಾಯಿಯ ಬೆಲೆ. ಮೂರು ಕಾಯಿಯ ಬೆಲೆಗೆ ಹನ್ನೆರಡು ಕಾಯಿಯನ್ನು ಸಂತೆಯಲ್ಲಿ ಯಾರು ಕೇಳಿದರೂ ಕೊಡದ ಹುಡುಗನು ಲೆಕ್ಕದ ಪಟ್ಟಿಯಲ್ಲಿ ನಿಶ್ಚಿಂತೆಯಿಂದ ಕೊಟ್ಟುಬಿಟ್ಟಿದ್ದಾನೆ. ಅವನಿಗೆ ಬುದ್ಧಿಯಿಲ್ಲವೆಂದು ಹೇಳುವಂತಿಲ್ಲ. ಗುಣಾಕಾರ ತಿಳಿಯದೆಂದೂ ಹೇಳುವಂತಿಲ್ಲ. ಶಾಲೆಯ ಲೆಕ್ಕಕ್ಕೂ ತನ್ನ ಬುದ್ಧಿಗೂ ಯಾವ ಸಂಬಂಧವೂ ಇಲ್ಲವೆಂದು ಆತನು ನಂಬಿದ್ದಾನೆ. ಚಪ್ಪಲಿಯ ಜೊತೆಗೆ ತನ್ನ ವಿವೇಕವನ್ನೂ ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದಿದ್ದಾನೆ. ಈ ನಂಬಿಕೆಯನ್ನು ಯಾರೂ ಅವನಿಗೆ ಬಾಯಿಬಿಟ್ಟು ಹೇಳಿಕೊಟ್ಟಿಲ್ಲ. ವರ್ಷಗಟ್ಟಲೆ ಅವನು ಕುಳಿತ ತರಗತಿಗಳು ತಮಗರಿವಿಲ್ಲದೆಯೇ ಅದನ್ನು ಕಲಿಸಿವೆ.

ಇದು ಕರಾವಳಿಯ ಮೂರು ತಾಲೂಕುಗಳ ಕೊರತೆ ಮಾತ್ರವಲ್ಲ. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿವ್ಯಾಪಾರ ಮಾಡುತ್ತಿದ್ದ ಮಕ್ಕಳನ್ನು ಕುರಿತು ಅಲ್ಲಿಯ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರಸಿದ್ಧವಾಗಿದೆ. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಆ ಮಕ್ಕಳ ಉತ್ತರಗಳು ನೂರಕ್ಕೆ 98ರಷ್ಟು ಸರಿಯಾಗಿದ್ದವು. ಅವೇ ಲೆಕ್ಕಗಳನ್ನು ಶಾಲೆಯ ರೀತಿಯಲ್ಲಿ ಬರಿಯ ಅಂಕಿಗಳಾಗಿ ಬರೆದುಕೊಟ್ಟಾಗ ಸರಿಯುತ್ತರ ನೂರಕ್ಕೆ 37ಕ್ಕೆ ಇಳಿಯಿತು. ಪರೀಕ್ಷಿಸಲ್ಪಟ್ಟ ಮಕ್ಕಳು ಕೇವಲ ಐವರೆಂದು ಅದನ್ನು ಅಲ್ಲಗಳೆಯುವವರಿದ್ದರೆ, ಅವರು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಭಾರತದ ಅಧ್ಯಯನವನ್ನು ನೋಡಬಹುದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಕೋಲ್ಕತ್ತಾ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,400ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿ ಅದೇ ನಿರ್ಣಯಕ್ಕೆ ಬಂದರು. ಅವರು ಕಂಡ ಇನ್ನೊಂದು ಸಂಗತಿಯು ಶಾಲೆಗಳಿಗೆ ಹೆಚ್ಚು ನೋವುಂಟುಮಾಡುವಂಥದು: ಶಾಲೆಯಲ್ಲಿ ಮಾತ್ರ ಗಣಿತ ಕಲಿತ ಮಕ್ಕಳು ಕಾಗದದ ಲೆಕ್ಕದಲ್ಲಿ ಮುಂದಿದ್ದರೂ ಮಾರುಕಟ್ಟೆಯ ಸರಳ ಲೆಕ್ಕದಲ್ಲಿ ಹಿಂದೆ ಬಿದ್ದರು. ಹೀಗೆ ಎರಡು ಗಣಿತಗಳು ಒಂದೇ ಊರಿನಲ್ಲಿ ಪರಸ್ಪರ ಮುಖ ನೋಡದೆ ಬಾಳುತ್ತಿವೆ. ಇವೆರಡನ್ನು ಒಂದೆಡೆ ಕೂಡಿಸಬಲ್ಲವರು ಶಿಕ್ಷಕರಲ್ಲದೆ ಬೇರಾರೂ ಇಲ್ಲ.

ಕೂಡಿಸುವ ಕೆಲಸವು ಕನ್ನಡ ನಾಡಿಗೆ ಹೊಸದೂ ಅಲ್ಲ. ರಾಷ್ಟ್ರಕೂಟ ಚಕ್ರವರ್ತಿ ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಹಣ್ಣುಹಂಪಲು, ವ್ಯಾಪಾರಿಗಳು, ದಾರಿಹೋಕರು ಮೊದಲಾದವರನ್ನು ಕುರಿತ ಸಮಸ್ಯೆಗಳಿಂದ ತುಂಬಿದೆ. 1912ರಲ್ಲಿ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದ ಮೇಲೆ ಲೋಕಕ್ಕೆ ಅದರ ಬೆಲೆ ತಿಳಿಯಿತು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿಯೇ ಬರೆದನು; ಆತನ ಗ್ರಂಥದ ಹೆಸರೇ ‘ವ್ಯವಹಾರಗಣಿತ’. ಒಂದು ಪೂರ್ಣಸಂಖ್ಯೆಯನ್ನು ಅಂಶದಲ್ಲಿ 1 ಇರುವ ಭಿನ್ನರಾಶಿಗಳಾಗಿ ಒಡೆಯುವ ರೀತಿಯನ್ನು ಮಹಾವೀರನು ವಿವರಿಸಿದ್ದಾನೆ. ಇಂದಿನ ಏಳನೆಯ ತರಗತಿಯಲ್ಲಿ ಇದೇ ವಿಷಯವನ್ನು ಪ್ರಶ್ನೆಯಾಗಿ ಇಡಬಹುದು: ‘ಒಂದು ರೊಟ್ಟಿಯನ್ನು ಒಂದಕ್ಕೊಂದು ಸಮವಲ್ಲದ ತುಂಡುಗಳಾಗಿ ಒಡೆಯಬೇಕು, ಪ್ರತಿ ತುಂಡೂ ಅರ್ಧ, ಮೂರನೆಯ ಒಂದು, ನಾಲ್ಕನೆಯ ಒಂದು ಎಂಬಂತೆ ಇರಬೇಕು, ಎಷ್ಟು ಬಗೆಯಲ್ಲಿ ಒಡೆಯಬಹುದು?’ ಒಬ್ಬಳು 1/2, 1/3, 1/6 ಎನ್ನುತ್ತಾಳೆ. ಇನ್ನೊಬ್ಬನು 1/2, 1/4, 1/6, 1/12 ಎನ್ನುತ್ತಾನೆ. ಇಬ್ಬರೂ ಸರಿ. ಲಸಾಅ ಎಂಬುದು ಏಕೆ ಬೇಕು ಎಂಬುದನ್ನು ಯಾರೂ ಉಪದೇಶಿಸಬೇಕಾಗಿಲ್ಲ. ತುಂಡುಗಳು ಕೂಡಿ ಒಂದಾದವೇ ಎಂದು ತಾಳೆ ನೋಡುವಾಗ ಮಕ್ಕಳೇ ಅದನ್ನು ಬಯಸುತ್ತಾರೆ.

ಕೂಲಿಮಠಗಳ ಕಾಲದ ಹಿರಿಯರು ಮರಳಿನ ಮೇಲೆ ಬೆರಳಾಡಿಸಿ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಕಲಿತವರು. ಉತ್ತರ ಕನ್ನಡವು 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಕಾಲದಲ್ಲಿ ಮುಲ್ಕಿ ಪರೀಕ್ಷೆ ಮುಗಿಸಿದವರು ಅಡಿಕೆ ವಖಾರಿಗಳಲ್ಲಿ, ಬಂದರಿನ ಕಚೇರಿಗಳಲ್ಲಿ ಪೆನ್ಸಿಲ್ ಹಿಡಿಯದೆ ಲೆಕ್ಕ ಒಪ್ಪಿಸುತ್ತಿದ್ದರೆಂದು ಮನೆಮನೆಗಳಲ್ಲಿ ನೆನೆಯುತ್ತಾರೆ. ಆ ಮಗ್ಗಿಯನ್ನು ಕಂಠಪಾಠವೆಂದು ಹಗುರಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಕಣಜದಲ್ಲಿ ಅಕ್ಕಿ ಇಲ್ಲದವನು ಅಡಿಗೆ ಮಾಡಲಾರನು. ಮಗ್ಗಿ ಬಾರದ ಮಗು ಯೋಚಿಸಲು ಹೊರಟರೂ ನಡುದಾರಿಯಲ್ಲಿ ಎಡವುತ್ತದೆ. ಆದರೆ ಕಣಜ ತುಂಬಿದೆಯೆಂಬ ಮಾತ್ರಕ್ಕೆ ಊಟವಾಗುವುದಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರಲ್ಲಿ ಲಂಡನ್ನಿನಲ್ಲಿ ಹದಿಮೂರು ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿ ಜಗತ್ತನ್ನು ಬೆರಗುಗೊಳಿಸಿದರು. ಅದು ಅಸಾಮಾನ್ಯ ಪ್ರತಿಭೆ. ಇಂದು ಅದೇ ಗುಣಾಕಾರವನ್ನು ಮೊಬೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಆದುದರಿಂದ ವೇಗವೊಂದನ್ನೇ ಗುರಿಯಾಗಿಟ್ಟುಕೊಂಡ ಬೋಧನೆಯು ಮಕ್ಕಳನ್ನು ಯಂತ್ರದೊಡನೆ ಪಂದ್ಯಕ್ಕೆ ಬಿಟ್ಟಂತಾಗುತ್ತದೆ. ಸೋಲು ಮೊದಲೇ ನಿಶ್ಚಿತ. ಯಂತ್ರ ಕೊಟ್ಟ ಉತ್ತರವು ಸಂಭವನೀಯವೇ ಅಲ್ಲವೇ ಎಂದು ತೂಗಿನೋಡುವ ವಿವೇಕವನ್ನು ಮಾತ್ರ ಶಾಲೆಯು ಕೊಡಬಲ್ಲದು.

ವೇಗದ ಹಿಂದೆ ಬಿದ್ದುದರಿಂದ ವೇಗವಾದರೂ ಕೈಗೂಡಿತೇ ಎಂದರೆ ಅದೂ ಇಲ್ಲ. 2024ರ ‘ಅಸರ್’ ವರದಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ನೂರಕ್ಕೆ 30.7ರಷ್ಟು ಮಾತ್ರ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಗಣಿತ ಶಿಕ್ಷಣದ ಮುಖ್ಯ ಗುರಿಯನ್ನು ಮಗುವಿನ ಚಿಂತನಕ್ರಮವನ್ನೇ ಗಣಿತೀಯಗೊಳಿಸುವುದೆಂದು ಗುರುತಿಸಿತು. ಗಣಿತದ ಭಯವನ್ನೂ ಸೋಲಿನ ಭಾವನೆಯನ್ನೂ ಮುಖ್ಯ ತೊಡಕುಗಳೆಂದು ಎಣಿಸಿತು. ಇಷ್ಟು ವರ್ಷಗಳ ಮೇಲೂ ಆ ಮಾತು ಬಹುಪಾಲು ಕಾಗದದಲ್ಲಿಯೇ ಉಳಿದಿದೆ. ಕಾರಣ ಸರಳವಾದುದು. ‘ಯೋಚಿಸುವುದನ್ನು ಕಲಿಸಬೇಕು’ ಎಂದು ಹೇಳುವವರು ಅನೇಕರು; ಸೋಮವಾರ ಬೆಳಿಗ್ಗೆ ಮೂರನೆಯ ಅವಧಿಯಲ್ಲಿ ಐವತ್ತು ಮಕ್ಕಳ ಮುಂದೆ ನಿಂತ ಶಿಕ್ಷಕರು ಏನು ಮಾಡಬೇಕೆಂದು ಹೇಳುವವರು ವಿರಳ. ಆದುದರಿಂದ ಕೆಲವು ಉದಾಹರಣೆಗಳನ್ನು ಈ ಮಣ್ಣಿನಿಂದಲೇ ಎತ್ತಿಕೊಂಡು ನೋಡುವುದು ಯುಕ್ತ.

ಭಿನ್ನರಾಶಿಯ ಭಾಗಾಕಾರವನ್ನು ‘ತಲೆಕೆಳಗು ಮಾಡಿ ಗುಣಿಸು’ ಎಂಬ ಒಂದೇ ವಾಕ್ಯದಲ್ಲಿ ಮುಗಿಸುವುದು ರೂಢಿ. ಭಾಗಿಸಿದರೆ ಸಂಖ್ಯೆ ಕಡಿಮೆಯಾಗಬೇಕಲ್ಲ, ಇಲ್ಲಿ ಹೆಚ್ಚಾಗುವುದೇಕೆ ಎಂಬ ಸಂಶಯವು ಮಗುವಿನ ಮನಸ್ಸಿನಲ್ಲಿಯೇ ಸಾಯುತ್ತದೆ. ಅದಕ್ಕೆ ಬದಲಾಗಿ, ಗಾಣದಿಂದ ತಂದ ಮೂರು ಲೀಟರ್ ಕೊಬ್ಬರಿ ಎಣ್ಣೆಯನ್ನು ಕಾಲು ಲೀಟರಿನ ಶೀಸೆಗಳಿಗೆ ತುಂಬಿದರೆ ಎಷ್ಟು ಶೀಸೆ ಬೇಕು ಎಂದು ಕೇಳಿದರೆ ಹನ್ನೆರಡು ಎಂದು ತಡವಿಲ್ಲದೆ ಹೇಳುತ್ತಾರೆ. 3ನ್ನು 1/4ರಿಂದ ಭಾಗಿಸುವುದೆಂದರೆ ಮೂರರಲ್ಲಿ ಎಷ್ಟು ಕಾಲುಗಳಿವೆ ಎಂದು ಕೇಳುವುದೇ ಆಗಿದೆ. ಒಂದು ಲೀಟರಿನಲ್ಲಿ ನಾಲ್ಕು ಕಾಲುಗಳಿರುವುದರಿಂದಲೇ 4ರಿಂದ ಗುಣಿಸುವುದು. ಸೂತ್ರವು ಆಗ ಗುರುಗಳ ಅಪ್ಪಣೆಯಾಗಿ ಉಳಿಯುವುದಿಲ್ಲ; ಮಗು ತಾನೇ ಒಪ್ಪಿದ ಮಾತಾಗುತ್ತದೆ.

ಆಯತದ ಉದ್ದ 15 ಮೀಟರ್, ಅಗಲ 5 ಮೀಟರ್ ಆದರೆ ವಿಸ್ತೀರ್ಣವೆಷ್ಟು ಎಂಬ ಪ್ರಶ್ನೆಗೆ ಒಂದೇ ಉತ್ತರ, ಒಂದೇ ದಾರಿ. ಅದನ್ನು ತಿರುಗಿಸಿ, ‘ಅಡಿಕೆ ಸಸಿಗಳ ಪಾತಿಗೆ ಬೇಲಿ ಹಾಕಲು 40 ಮೀಟರ್ ತಂತಿಯಿದೆ, ಅತಿ ಹೆಚ್ಚು ಜಾಗ ಸಿಗಬೇಕಾದರೆ ಪಾತಿಯ ಆಕಾರ ಹೇಗಿರಬೇಕು?’ ಎಂದು ಕೇಳಬಹುದು. 19 ಮತ್ತು 1 ಮೀಟರಿನ ಪಾತಿಗೆ 19 ಚದರ ಮೀಟರ್. 15 ಮತ್ತು 5ಕ್ಕೆ 75. 10 ಮತ್ತು 10ಕ್ಕೆ 100. ಅದೇ 40 ಮೀಟರ್ ತಂತಿ ಎಷ್ಟೊಂದು ಬೇರೆಬೇರೆ ಭೂಮಿಯನ್ನು ಸುತ್ತುವರಿಯಬಲ್ಲದೆಂದು ಕಂಡಾಗ ಮಕ್ಕಳ ಮುಖದಲ್ಲಿ ಮೂಡುವ ಅಚ್ಚರಿಯೇ ಗಣಿತದ ಆರಂಭ. ಆಮೇಲೆ ‘ಒಂದು ಬದಿಗೆ ಶಾಲೆಯ ಗೋಡೆಯೇ ಇದ್ದು, ಮೂರು ಬದಿಗೆ ಮಾತ್ರ ತಂತಿ ಬೇಕಾದರೆ?’ ಎಂದು ಕೇಳಿದರೆ ಚೌಕವೇ ಶ್ರೇಷ್ಠವೆಂಬ ನಿರ್ಣಯವೂ ಕುಸಿಯುತ್ತದೆ: ಗೋಡೆಗುಂಟ 20, ಅಗಲ 10 ಇದ್ದಾಗ 200 ಚದರ ಮೀಟರ್ ದೊರೆಯುತ್ತದೆ. ಒಂದು ಸ್ಥಿತಿಯಲ್ಲಿ ಸರಿಯಾದುದು ಇನ್ನೊಂದು ಸ್ಥಿತಿಯಲ್ಲಿ ಸರಿಯಾಗಬೇಕಿಲ್ಲವೆಂಬ ಪಾಠವು ಗಣಿತಕ್ಕಷ್ಟೇ ಸೀಮಿತವಾದುದಲ್ಲ.

ಹೊನ್ನಾವರದ ಮಕ್ಕಳ ಕಣ್ಣೆದುರಿಗೇ ಶರಾವತಿಯ ಮೇಲೆ ಕೊಂಕಣ ರೈಲ್ವೆಯ ಸೇತುವೆಯಿದೆ. ಸುಮಾರು 2,066 ಮೀಟರ್ ಉದ್ದದ ಈ ಸೇತುವೆ ಆ ಮಾರ್ಗದ ಸೇತುವೆಗಳಲ್ಲಿಯೇ ಅತಿ ಉದ್ದವಾದುದು; 1998ರ ಜನವರಿಯಲ್ಲಿ ಇಡೀ ಮಾರ್ಗ ಸಂಚಾರಕ್ಕೆ ತೆರೆಯಿತು. ರೈಲು ಸೇತುವೆಯನ್ನು ದಾಟುವ ಲೆಕ್ಕ ಎಲ್ಲ ಪಠ್ಯಪುಸ್ತಕಗಳಲ್ಲಿಯೂ ಇದೆ. ಅಲ್ಲಿ ಬೇಕಾದುದೆಲ್ಲವನ್ನೂ ಮೊದಲೇ ಕೊಟ್ಟಿರುತ್ತಾರೆ. ಮಗು ಅಂಕಿಗಳನ್ನು ಸೂತ್ರಕ್ಕೆ ತುಂಬುತ್ತದೆ. ಅದರ ಬದಲು ನದಿಯ ದಂಡೆಯಲ್ಲಿ ಸುರಕ್ಷಿತವಾದ ದೂರದಲ್ಲಿ ಮಕ್ಕಳನ್ನು ನಿಲ್ಲಿಸಿ, ‘ಈ ರೈಲಿನ ವೇಗವೆಷ್ಟು?’ ಎಂದಷ್ಟೇ ಕೇಳಿದರೆ ಯೋಚನೆ ತಾನಾಗಿ ಹುಟ್ಟುತ್ತದೆ. ಏನು ಗೊತ್ತಿದೆ, ಏನು ಗೊತ್ತಿಲ್ಲ? ಸೇತುವೆಯ ಉದ್ದ ಮಾತ್ರ ಸಾಕೇ? ಡಬ್ಬಿಗಳನ್ನು ಎಣಿಸಬೇಕಲ್ಲವೇ? ಈ ತುದಿಯಲ್ಲಿ ನಿಂತವರಿಗೆ ಆ ತುದಿ ಸರಿಯಾಗಿ ಕಾಣದಿದ್ದರೆ ಎರಡು ತಂಡಗಳು ಗಡಿಯಾರಗಳನ್ನು ಮೊದಲೇ ಹೊಂದಿಸಿಕೊಳ್ಳಬೇಕಲ್ಲವೇ? ಒಂದು ಡಬ್ಬಿಗೆ ಸುಮಾರು 24 ಮೀಟರಿನಂತೆ 22 ಡಬ್ಬಿಗಳಿಗೆ 528 ಮೀಟರ್. ಎಂಜಿನು ಸೇರಿ ಸುಮಾರು 550. ಸೇತುವೆಯೊಡನೆ ಒಟ್ಟು ದೂರ ಸುಮಾರು 2,600 ಮೀಟರ್. ಎಂಜಿನು ಸೇತುವೆಯನ್ನು ಮುಟ್ಟಿದ ಕ್ಷಣದಿಂದ ಕೊನೆಯ ಡಬ್ಬಿ ದಾಟುವವರೆಗೆ 2 ನಿಮಿಷ 36 ಸೆಕೆಂಡು ಹಿಡಿದರೆ ವೇಗವು ಗಂಟೆಗೆ ಸುಮಾರು 60 ಕಿಲೋಮೀಟರ್. ರೈಲಿನ ಉದ್ದವನ್ನೇಕೆ ಕೂಡಿಸಬೇಕೆಂದು ಕಣ್ಣಾರೆ ಕಂಡ ಮಗು ಅದನ್ನು ಮುಂದೆಂದೂ ಮರೆಯದು.

ಇಂಥ ಪ್ರಶ್ನೆಗಳಿಗೆ ಕರಾವಳಿಯಲ್ಲಿ ಬರಗಾಲವಿಲ್ಲ. ಕುಮಟಾದ ಅಘನಾಶಿನಿಯ ಅಳಿವೆಯಲ್ಲಿ ಭರತವು ದಿನದಿಂದ ದಿನಕ್ಕೆ ಸರಿಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆಂಬುದನ್ನು ಮೀನುಗಾರರ ಮಕ್ಕಳು ಹುಟ್ಟಿನಿಂದಲೇ ಅರಿತಿದ್ದಾರೆ. ಹದಿನೈದು ದಿನ ಆ ಹೊತ್ತನ್ನು ಬರೆದಿಟ್ಟು ನಕ್ಷೆಯಲ್ಲಿ ಗುರುತಿಸಿದರೆ ಸರಳರೇಖೆಯ ಪಾಠ ತಾನಾಗಿ ಆಗುತ್ತದೆ. ಅಂದು ತರಗತಿಯಲ್ಲಿ ಹಿಂದಿನ ಸಾಲಿನ ಹುಡುಗನೇ ಗುರುವಾಗುತ್ತಾನೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದ ಹೊನ್ನಾವರ ತಾಲೂಕಿನಲ್ಲಿ ಯಕ್ಷಗಾನದ ತಾಳ ತಿಳಿಯದ ಮಕ್ಕಳು ಕಡಿಮೆ. ಅರ್ಧ ತರಗತಿ ನಾಲ್ಕಕ್ಷರದ ಏಕತಾಳವನ್ನೂ ಉಳಿದರ್ಧ ಏಳಕ್ಷರದ ತ್ರಿವುಡೆಯನ್ನೂ ಒಂದೇ ಲಯದಲ್ಲಿ ಒಟ್ಟಿಗೆ ಆರಂಭಿಸಿದರೆ ಇಬ್ಬರ ಮೊದಲ ಪೆಟ್ಟು ಮತ್ತೆ ಯಾವಾಗ ಕೂಡುತ್ತದೆ? 28 ಅಕ್ಷರ ಕಳೆದ ಮೇಲೆ. ಗೇರುಸೊಪ್ಪೆಯ ಚತುರ್ಮುಖ ಬಸದಿಯ ಮುಂದೆ ನಿಲ್ಲಿಸಿದರೆ ನಾಲ್ಕು ದಿಕ್ಕಿನಿಂದಲೂ ಒಂದೇ ತೆರನಾಗಿ ಕಾಣುವ ಕಟ್ಟಡವು ಸಮ್ಮಿತಿಯ ಪಾಠವನ್ನು ಕಲ್ಲಿನಲ್ಲಿಯೇ ಬರೆದಿಟ್ಟಿದೆ.

ಮಗುವಿನ ಮನೆಯಲ್ಲಿಯೇ ಇರುವ ಇನ್ನೊಂದು ಸಂಖ್ಯೆಯನ್ನು ನೋಡಬೇಕು. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ; ಅಂದರೆ 1,089 ಚದರ ಅಡಿ. ಅಂಥ 40 ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಈಗ ಮೂರಂಕಿಯ ಸಂಖ್ಯೆಯೊಂದನ್ನು ತೆಗೆದುಕೊಳ್ಳಲಿ. ಮೊದಲ ಮತ್ತು ಕೊನೆಯ ಅಂಕಿಗಳ ನಡುವೆ ಎರಡಾದರೂ ವ್ಯತ್ಯಾಸವಿರಲಿ. 732 ಇರಲಿ. ಅದನ್ನು ತಿರುವಿ ಬರೆದರೆ 237, ಕಳೆದರೆ 495, ಅದನ್ನೂ ತಿರುವಿ 594ನ್ನು ಕೂಡಿಸಿದರೆ 1089. ಬೇರೆ ಯಾವ ಸಂಖ್ಯೆಯಿಂದ ಹೊರಟರೂ ಅದೇ ಗುಂಟೆಯ ಸಂಖ್ಯೆ ಬಂದು ನಿಲ್ಲುತ್ತದೆ. ಐವತ್ತು ಮಕ್ಕಳು ಐವತ್ತು ಸಂಖ್ಯೆಗಳಿಂದ ಹೊರಟು ಒಂದೇ ಕಡೆ ಬಂದು ಸೇರಿದಾಗ ‘ಏಕೆ?’ ಎಂಬ ಪ್ರಶ್ನೆಯನ್ನು ಶಿಕ್ಷಕರು ಕೇಳಬೇಕಾಗಿಲ್ಲ, ಮಕ್ಕಳೇ ಕೇಳುತ್ತಾರೆ. ಅಂಥ ಗಳಿಗೆಯಲ್ಲಿ ಬೀಜಗಣಿತವನ್ನು ಹೊರಗೆ ತೆಗೆಯಬೇಕು. ಮೊದಲ ವ್ಯವಕಲನದ ಉತ್ತರವು ಯಾವಾಗಲೂ 99ರ ಗುಣಕವಾಗಿರುತ್ತದೆ. ಆದುದರಿಂದ ಅದರ ನಡುವಿನ ಅಂಕಿ 9, ಅಕ್ಕಪಕ್ಕದ ಅಂಕಿಗಳ ಮೊತ್ತವೂ 9. ತಿರುವಿ ಕೂಡಿಸಿದಾಗ ನೂರು ಮತ್ತು ಬಿಡಿ ಸ್ಥಾನಗಳಿಂದ 909, ಹತ್ತರ ಸ್ಥಾನದಿಂದ 180, ಒಟ್ಟು 1089. ಎಕ್ಸ್ ಮತ್ತು ವೈಗಳು ಪರೀಕ್ಷೆಗಾಗಿ ಹುಟ್ಟಿದ ಪೀಡೆಗಳೆಂದು ತಿಳಿದ ಮಗುವಿಗೆ, ಅವು ರಹಸ್ಯವನ್ನು ಬಿಡಿಸುವ ಕೀಲಿಕೈಗಳೆಂದು ಅಂದು ತಿಳಿಯುತ್ತದೆ.

ಸಂಖ್ಯೆಗಳೊಡನೆ ಹೀಗೆ ಆಡುತ್ತಲೇ ಲೋಕಪ್ರಸಿದ್ಧರಾದವರು ನಾಸಿಕದ ಬಳಿಯ ದೇವಳಾಲಿಯ ಶಾಲಾಶಿಕ್ಷಕ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರರು. 1949ರಲ್ಲಿ ಅವರು ಪ್ರಕಟಪಡಿಸಿದ 6174 ಎಂಬ ಸಂಖ್ಯೆಯ ವಿಶೇಷವು ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನಾಲ್ಕೂ ಅಂಕಿಗಳು ಒಂದೇ ಅಲ್ಲದ ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ತೆಗೆದುಕೊಂಡು, ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿಯೂ ಏರಿಕೆಯ ಕ್ರಮದಲ್ಲಿಯೂ ಜೋಡಿಸಿ ಕಳೆಯುತ್ತ ಹೋದರೆ ಹೆಚ್ಚೆಂದರೆ ಏಳು ಹೆಜ್ಜೆಗಳಲ್ಲಿ 6174ಕ್ಕೆ ಬಂದು ಮುಟ್ಟುತ್ತೇವೆಂಬುದೇ ಆ ವಿಶೇಷ. ಅವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿರಲಿಲ್ಲ. ಉತ್ತರ ಕನ್ನಡದಂತೆಯೇ ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ ಒಂದು ಊರಿನಲ್ಲಿ ದಿನವೂ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಕುತೂಹಲವನ್ನು ಕಳೆದುಕೊಳ್ಳದ ಶಿಕ್ಷಕರ ತರಗತಿಯಲ್ಲಿ ಕುತೂಹಲವು ಸಾಯಲಾರದೆಂಬುದಕ್ಕೆ ಅವರ ಬಾಳೇ ನಿದರ್ಶನ.

ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾರ್ಜ್ ಪೋಲ್ಯ ಅವರು 1945ರಲ್ಲಿ ಪ್ರಕಟಿಸಿದ ಕಿರುಗ್ರಂಥವೊಂದರಲ್ಲಿ ಸಮಸ್ಯೆ ಬಿಡಿಸುವ ಕೆಲಸವನ್ನು ನಾಲ್ಕು ಹಂತಗಳಾಗಿ ವಿಂಗಡಿಸಿದರು: ಸಮಸ್ಯೆಯನ್ನು ಅರಿಯುವುದು, ಉಪಾಯ ಹೂಡುವುದು, ಉಪಾಯವನ್ನು ನಡೆಸುವುದು, ಕೊನೆಗೆ ಹಿಂದಿರುಗಿ ನೋಡುವುದು. ಸಾಮಾನ್ಯವಾಗಿ ತರಗತಿಗಳಲ್ಲಿ ಮೂರನೆಯ ಹಂತವೊಂದೇ ನಡೆಯುತ್ತದೆ. ಮೊದಲೆರಡನ್ನು ಶಿಕ್ಷಕರು ಮಕ್ಕಳ ಪರವಾಗಿ ಮುಗಿಸಿಬಿಟ್ಟಿರುತ್ತಾರೆ. ನಾಲ್ಕನೆಯದಕ್ಕೆ ಗಂಟೆ ಬಾರಿಸಿಬಿಡುತ್ತದೆ. 105 ಎಂದು ಬರೆದ ಹುಡುಗನಿಗೆ ಬೇಕಾಗಿದ್ದುದು ಆ ನಾಲ್ಕನೆಯ ಹಂತವೇ. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ದೀರ್ಘವೂ ವಿಚಾರಪೂರ್ಣವೂ ಆಗುತ್ತವೆಂದೂ ಅಮೆರಿಕದ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ತೋರಿಸಿದರು. ಎರಡು ಸೆಕೆಂಡಿನ ಮೌನಕ್ಕೆ ಸರಕಾರದ ಆದೇಶವೂ ಬೇಡ, ದಾನಿಗಳ ದೇಣಿಗೆಯೂ ಬೇಡ.

ಇದಕ್ಕೆ ಆಕ್ಷೇಪಗಳಿಲ್ಲದಿಲ್ಲ. ಪಾಠಗಳ ಹೊರೆ ದೊಡ್ಡದು, ತರಗತಿಯಲ್ಲಿ ಮಕ್ಕಳು ಹೆಚ್ಚು, ಮಾರ್ಚ್ ತಿಂಗಳು ಹತ್ತಿರ, ಇಂಥದಕ್ಕೆ ವೇಳೆಯೆಲ್ಲಿ ಎಂಬುದು ಮೊದಲನೆಯದು. ಈ ಕಷ್ಟ ನಿಜವಾದುದು. ತರಗತಿಯ ಹೊರಗೆ ನಿಂತು ಉಪದೇಶಿಸುವವರು ಅದನ್ನು ಹಗುರಾಗಿ ಕಾಣಬಾರದು. ಆದರೆ ಅರ್ಥವಾಗದೆ ಕಲಿತುದನ್ನು ಪ್ರತಿವರ್ಷವೂ ಹೊಸದಾಗಿ ಕಲಿಸಬೇಕಾಗುತ್ತದೆ. ಐದನೆಯ ತರಗತಿಯಲ್ಲಿ ಉಳಿಸಿದ ವೇಳೆಯನ್ನು ಹತ್ತನೆಯ ತರಗತಿಯ ಶಿಕ್ಷಕರು ಬಡ್ಡಿಸಹಿತ ತೆರಬೇಕಾಗುತ್ತದೆ. ಪ್ರತಿದಿನವೂ ಬೇಡ, ವಾರಕ್ಕೊಂದು ಅವಧಿ, ಒಂದೇ ಪ್ರಶ್ನೆ, ಹಲವು ದಾರಿಗಳು ಎಂದು ಆರಂಭಿಸಿದರೂ ಸಾಕು. ಯೋಚನೆಯೆಂಬುದು ಜಾಣಮಕ್ಕಳಿಗೆ ಮಾತ್ರ, ಉಳಿದವರಿಗೆ ಉತ್ತೀರ್ಣರಾಗುವಷ್ಟು ಕಂಠಪಾಠ ಸಾಕು ಎಂಬುದು ಎರಡನೆಯ ಆಕ್ಷೇಪ. ಸಂತೆಯ ಹುಡುಗನೇ ಇದಕ್ಕೆ ಉತ್ತರ. ಅಂಕಪಟ್ಟಿಯಲ್ಲಿ ದಡ್ಡನೆನಿಸಿಕೊಂಡವನು 35ನ್ನು 12ರಿಂದ ಗುಣಿಸಲು ಶಾಲೆ ಹೇಳಿಕೊಟ್ಟ ದಾರಿಗಿಂತ ಚೊಕ್ಕವಾದ ದಾರಿಯನ್ನು ತಾನೇ ಕಂಡುಕೊಂಡಿದ್ದನು. ಅವನ ದಾರಿಯನ್ನು ಕರಿಹಲಗೆಯ ಮೇಲೆ ಬರೆಸಿ, ಎರಡನೆಯ ಸಾಲಿನಲ್ಲಿ ಬಿಡುವ ಸ್ಥಾನವೆಂದರೆ ಅವನ ಆ ‘ಹತ್ತಕ್ಕೆ 350’ ಎಂಬುದೇ ಎಂದು ತೋರಿಸಿದರೆ ಎರಡು ಗಣಿತಗಳೂ ಅಲ್ಲಿಯೇ ಕೈಹಿಡಿಯುತ್ತವೆ.

ಮೂರನೆಯದು ಪೋಷಕರ ಆಕ್ಷೇಪ: ಅಂಕ ಕಡಿಮೆಯಾದರೆ ಮುಂದಿನ ದಾರಿ ಮುಚ್ಚಿಹೋಗುವುದಿಲ್ಲವೇ? ಅಂಕಗಳು ಬೇಡವೆಂದು ಯಾರೂ ಹೇಳುತ್ತಿಲ್ಲ. ಆದರೆ ಹತ್ತನೆಯ ತರಗತಿಯಲ್ಲಿ ಗಣಿತವನ್ನು ಬಾಯಿಪಾಠ ಮಾಡಿ ಗೆದ್ದವರು ಪಿ.ಯು.ಸಿ.ಯ ಮೊದಲ ವರ್ಷದಲ್ಲಿ ದಿಕ್ಕುಗಾಣದೆ ನಿಲ್ಲುವುದನ್ನು ಕಂಡಿರದ ಊರಿಲ್ಲ. ಮಾದರಿ ಪ್ರಶ್ನೆಪತ್ರಿಕೆಯಂತೆಯೇ ಪ್ರಶ್ನೆ ಬರುವವರೆಗೆ ಮಾತ್ರ ನಿಲ್ಲುವ ವಿದ್ಯೆಯು ಮಗುವಿಗೆ ಕೊಟ್ಟ ಆಸ್ತಿಯಲ್ಲ, ಸಾಲ.

ಈ ಹೊರೆಯನ್ನು ಶಿಕ್ಷಕರ ಹೆಗಲ ಮೇಲೆ ಮಾತ್ರ ಹೊರಿಸುವುದು ಸಲ್ಲದು. ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯೂ ಶಿಕ್ಷಣ ಮಹಾವಿದ್ಯಾಲಯವೂ ಕುಮಟಾದಲ್ಲಿಯೇ ಇವೆ. ಮೂರೂ ತಾಲೂಕುಗಳ ಗಣಿತ ಶಿಕ್ಷಕರು ವರ್ಷಕ್ಕೆರಡು ಬಾರಿ ಒಂದೆಡೆ ಕಲೆತು, ತಮ್ಮ ತರಗತಿಯಲ್ಲಿ ಫಲಿಸಿದ ಒಂದೊಂದು ಪ್ರಶ್ನೆಯನ್ನೂ ಮಕ್ಕಳು ಮಾಡಿದ ಒಂದೊಂದು ಅರ್ಥಪೂರ್ಣ ತಪ್ಪನ್ನೂ ಪರಸ್ಪರ ಹಂಚಿಕೊಂಡರೆ ಕೆಲವೇ ವರ್ಷಗಳಲ್ಲಿ ಕರಾವಳಿಯದೇ ಆದ ಪ್ರಶ್ನಕೋಶವೊಂದು ಸಿದ್ಧವಾದೀತು. ಹಳೆಯ ವಿದ್ಯಾರ್ಥಿಗಳಲ್ಲಿ ದೋಣಿ ಕಟ್ಟುವವರಿದ್ದಾರೆ, ಭೂಮಾಪಕರಿದ್ದಾರೆ, ಬ್ಯಾಂಕಿನವರಿದ್ದಾರೆ, ಗೃಹಿಣಿಯರಿದ್ದಾರೆ. ತಮ್ಮ ಕೆಲಸದಲ್ಲಿ ದಿನವೂ ಎದುರಾಗುವ ಒಂದು ಲೆಕ್ಕವನ್ನು ಅವರು ತರಗತಿಗೆ ಬಂದು ಮಕ್ಕಳ ಮುಂದಿಟ್ಟರೆ, ಅದು ಭಾಷಣಕ್ಕಿಂತ ಹೆಚ್ಚು ಉಪಕಾರಿ.

ದಾನಿಗಳಲ್ಲಿಯೂ ಒಂದು ಬಿನ್ನಹವುಂಟು. ಅತ್ಯಧಿಕ ಅಂಕ ಪಡೆದವರಿಗೆ ಕೊಡುವ ದತ್ತಿ ಬಹುಮಾನಗಳು ಎಲ್ಲ ಶಾಲೆಗಳಲ್ಲಿಯೂ ಇವೆ, ಅವು ಮುಂದುವರಿಯಲಿ. ಅವುಗಳ ಜೊತೆಗೆ ಒಂದು ಲೆಕ್ಕವನ್ನು ಎರಡು ದಾರಿಯಲ್ಲಿ ಬಿಡಿಸಿ ವಿವರಿಸಿದ ಮಗುವಿಗೆ, ತಾನೇ ಒಂದು ಒಳ್ಳೆಯ ಪ್ರಶ್ನೆಯನ್ನು ಕಟ್ಟಿದ ಮಗುವಿಗೆ, ತನ್ನ ತಪ್ಪನ್ನು ತಾನೇ ಹಿಡಿದು ಕಾರಣ ಹೇಳಿದ ಮಗುವಿಗೆ ಒಂದೊಂದು ಬಹುಮಾನವಿದ್ದರೆ ಶಾಲೆಯು ಯಾವುದಕ್ಕೆ ಬೆಲೆ ಕೊಡುತ್ತದೆಂಬುದು ಮಕ್ಕಳಿಗೆ ತಿಳಿಯುತ್ತದೆ. ಅಳತೆಯ ಪಟ್ಟಿಗಳು, ತಕ್ಕಡಿ, ಲೀಟರಿನ ಪಾತ್ರೆಗಳು, ನಕ್ಷೆಯ ಹಾಳೆಗಳು ಇರುವ ಒಂದು ಗಣಿತದ ಕೋಣೆಗೆ ಕಟ್ಟಡ ನಿಧಿಯಷ್ಟು ಹಣ ಬೇಕಾಗಿಲ್ಲ. ಅನ್ನದಾಸೋಹ ಮತ್ತು ಅಕ್ಷರದಾಸೋಹಗಳನ್ನು ನಡೆಸಿಕೊಂಡು ಬಂದ ಪರಂಪರೆಯ ಆಶ್ರಯದಲ್ಲಿರುವ ಶಾಲೆಗಳಿಗೆ, ವಿಚಾರದ ಹಸಿವನ್ನು ಗುರುತಿಸಿ ಉಣಬಡಿಸುವುದು ಹೊರಗಿನ ಕರ್ತವ್ಯವಾಗಲಾರದು.

ಫಲಿತಾಂಶದ ಪುಟವು ವಾರ್ಷಿಕ ಸಂಚಿಕೆಯಲ್ಲಿ ಮುಂದೆಯೂ ಬರಲಿ. ಅದರ ಎದುರು ಪುಟದಲ್ಲಿ ಆ ವರ್ಷ ಮಕ್ಕಳು ಕೇಳಿದ ಪ್ರಶ್ನೆಗಳಲ್ಲಿ ಅತ್ಯುತ್ತಮವಾದ ನಾಲ್ಕೈದನ್ನು, ಕೇಳಿದವರ ಹೆಸರಿನೊಡನೆ ಅಚ್ಚುಹಾಕಿದರೆ ಆ ಪುಟಕ್ಕೆ ಒಪ್ಪುವ ಜೊತೆ ಸಿಕ್ಕಂತಾಗುತ್ತದೆ. ಸಂತೆಯಿಂದ ಬಂದ ಹುಡುಗನು 105 ಎಂದು ಬರೆದ ಮೇಲೆ ಲೇಖನಿಯನ್ನು ತಡೆದು, ‘ಇದು ಮೂರು ಕಾಯಿಯ ಬೆಲೆಯಲ್ಲವೇ?’ ಎಂದು ತನ್ನನ್ನು ತಾನೇ ಕೇಳಿಕೊಂಡ ದಿನ, ಆ ಶಾಲೆಯಲ್ಲಿ ಗಣಿತದ ಪಾಠ ನಡೆದಿದೆಯೆಂದು ನಿಸ್ಸಂದೇಹವಾಗಿ ಹೇಳಬಹುದು.